ಬೇಗ ಬೇಕೆಂದರೆ ಎರಡು ಸಾವಿರ

ನೋಡಿ, ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟಿದ್ದೀರಿ, ಪಾಸ್‌ಪೋರ್ಟಿನ ಅವಧಿ ಮುಗಿಯುತ್ತ ಬಂದಿದೆ. ಯೋಚನೆ ಮಾಡಬೇಡಿ, ತತ್ಕಾಲ್‌ನಲ್ಲೇ ಹಾಕಿಬಿಡಿ. 36 ಪುಟದ ಪುಸ್ತಕಕ್ಕೆ ಮಾಮೂಲು ಶುಲ್ಕ 1,500 ರೂಪಾಯಿ, ತತ್ಕಾಲ್‌ಗೆ ಮೇಲೆ 2,000, ಒಟ್ಟು 3,500. ನಮ್ಮ ಅತ್ತಿಗುಪ್ಪೆಯಲ್ಲಿ ಮೆಟ್ರೊ ಹತ್ತಿದರೆ ಪಾಸ್‌ಪೋರ್ಟ್ ಸೇವಾ ಕೇಂದ್ರ ದೂರವೇನಲ್ಲ. ಆದರೆ ಕಾಂಪೌಂಡಿನ ಆಚೆಯಿಂದ ನೀವು ಇನ್ನೊಂದು ಮಾತು ಕೇಳಿದಿರಲ್ಲ, "ಬೇಗ ಮಾಡಿಕೊಡೋಕೆ ಸರ್ಕಾರವೇ ದುಡ್ಡು ತಗೊಂಡರೆ, ಮೇಜಿನ ಕೆಳಗೆ ತಗೊಳ್ಳೋರಿಗೂ ಇದಕ್ಕೂ ಏನ್ರೀ ವ್ಯತ್ಯಾಸ?" ಅಂತ. ಅದನ್ನು ಹಾಗೇ ಬಿಟ್ಟು ಒಳಗೆ ಹೋಗಲು ನನಗೆ ಮನಸ್ಸಾಗುತ್ತಿಲ್ಲ.

ವ್ಯತ್ಯಾಸ ಖಂಡಿತ ಇದೆ. ಇದಕ್ಕೆ ರಸೀದಿ ಇದೆ, ಎಲ್ಲರಿಗೂ ಒಂದೇ ದರ ಇದೆ, ಹಣ ಬೊಕ್ಕಸಕ್ಕೆ ಹೋಗುತ್ತದೆ. ಏಜೆಂಟರನ್ನು ಹಿಡಿಯದೆ ಪಾಸ್‌ಪೋರ್ಟ್ ಆಗುವುದಿಲ್ಲ ಎಂದು ಜನ ನಂಬಿದ್ದ ಕಾಲ ನಿಮಗೂ ನೆನಪಿರಬೇಕು. ಹೊಸ ಬಗೆಯ ಸೇವಾ ಕೇಂದ್ರಗಳು 2010ರಲ್ಲಿ ಪ್ರಯೋಗಕ್ಕೆ ಬಂದಾಗ ಮೊದಲ ಸಾಲಿನಲ್ಲೇ ಬೆಂಗಳೂರು ಇತ್ತು. 2017ರಲ್ಲಿ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಕೇಂದ್ರ ತೆರೆದಾಗಲೂ ಗುಜರಾತಿನ ದಾಹೋದ್ ಜೊತೆ ಮೊದಲು ಶುರುವಾದದ್ದು ನಮ್ಮ ಮೈಸೂರಿನಲ್ಲಿ. ಇವೆಲ್ಲ ಒಳ್ಳೆಯ ಕೆಲಸಗಳು, ಒಪ್ಪೋಣ.

ಈಗ ಆ ಎರಡು ಸಾವಿರಕ್ಕೆ ನಮಗೆ ಸಿಗುವುದೇನು ಅಂತ ನೋಡಿ. ಹೊಸದಾಗಿ ಪಾಸ್‌ಪೋರ್ಟ್ ಮಾಡಿಸುವವರಿಗೆ ಸಾಮಾನ್ಯವಾಗಿ ಮೊದಲು ಪೊಲೀಸ್ ಪರಿಶೀಲನೆ, ಆಮೇಲೆ ಪಾಸ್‌ಪೋರ್ಟ್. ತತ್ಕಾಲ್‌ನಲ್ಲಿ ಕೇಳಿದ ಮೂರು ದಾಖಲೆ ಸರಿಯಾಗಿದ್ದರೆ ಮೊದಲು ಪಾಸ್‌ಪೋರ್ಟ್, ಪರಿಶೀಲನೆ ಆಮೇಲೆ. ಅಂದರೆ ಮುಖ್ಯವಾಗಿ ಬದಲಾಗುವುದು ಕೆಲಸದ ಹಿಂದು ಮುಂದು. ಮೂರು ದಾಖಲೆ ನೋಡಿ 3,500 ಕಟ್ಟಿದವರನ್ನು ನಂಬಬಹುದಾದರೆ, ಅದೇ ಮೂರು ದಾಖಲೆ ತಂದು 1,500 ಕಟ್ಟುವವರನ್ನು ಏಕೆ ನಂಬಬಾರದು?

ಇನ್ನೊಂದು ವಿಷಯ. ನಿಮ್ಮ ತುರ್ತು ಏನು ಅಂತ ತತ್ಕಾಲ್‌ನಲ್ಲಿ ಯಾರೂ ಪುರಾವೆ ಕೇಳುವುದಿಲ್ಲ. ಬಾಣಂತನಕ್ಕೆ ಹೋಗುವವರೂ ರಜೆಗೆ ಬ್ಯಾಂಕಾಕ್ ನೋಡಲು ಹೋಗುವವರೂ ಅಲ್ಲಿ ಒಂದೇ. ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಹೆಣ್ಣುಮಗಳ ಗಂಡ ದುಬೈನಲ್ಲಿ ಆಸ್ಪತ್ರೆ ಸೇರಿದ ಅಂತಿಟ್ಟುಕೊಳ್ಳಿ, ಅವಳೂ ಅದೇ 2,000 ಕೊಡಬೇಕು. ಐಟಿ ಸಂಬಳದ ಮನೆಗೆ ಅದು ಒಂದು ರಾತ್ರಿ ಹೊರಗೆ ಉಂಡ ಖರ್ಚು, ಅವಳಿಗೆ ಮೂರು ನಾಲ್ಕು ದಿನದ ದುಡಿಮೆ. ಬೆಲೆ ಒಂದೇ ಆದ ಮಾತ್ರಕ್ಕೆ ಹೊರೆ ಒಂದೇ ಆಗುವುದಿಲ್ಲ.

ಅಮೆರಿಕದ ಕತೆ ನಿಮ್ಮ ಅಳಿಯಂದಿರಿಗೆ ಚೆನ್ನಾಗಿ ಗೊತ್ತಿರುತ್ತದೆ. ಎಚ್-1ಬಿ ಉದ್ಯೋಗ ವೀಸಾಗೆ ಕಂಪನಿಗಳು ಅಲ್ಲಿನ ವಲಸೆ ಇಲಾಖೆಗೆ ಹಾಕುವ ಅರ್ಜಿಯನ್ನು ಹೆಚ್ಚು ಹಣ ಕಟ್ಟಿ ಬೇಗ ಮುಗಿಸಿಕೊಳ್ಳಲು 'ಪ್ರೀಮಿಯಂ ಪ್ರೊಸೆಸಿಂಗ್' ಅಂತ ಒಂದು ದಾರಿ ಇದೆ. 2001ರಲ್ಲಿ ಶುರುವಾದಾಗ ಅದಕ್ಕೆ 1,000 ಡಾಲರ್. 2020ರಲ್ಲಿ ಕೋವಿಡ್‌ನಿಂದ ಆ ಇಲಾಖೆಯ ಕೈ ಬರಿದಾಗಿ, ಸುಮಾರು 13,000 ಸಿಬ್ಬಂದಿಯನ್ನು ಸಂಬಳವಿಲ್ಲದ ರಜೆಯ ಮೇಲೆ ಕಳಿಸುವ ಮಾತು ಬಂತು. ಅದೇ ವರ್ಷ ಪ್ರೀಮಿಯಂ ಶುಲ್ಕ 2,500 ಡಾಲರಿಗೆ ಏರಿತು, 2024ರಲ್ಲಿ 2,805 ಆಯಿತು. ಕಚೇರಿ ನಡೆಯುವುದೇ ಅರ್ಜಿದಾರರ ಶುಲ್ಕದಿಂದ ಎಂದಾದಾಗ, ಬೇಗ ಮಾಡಿಕೊಡುವುದು ಮಾರಾಟಕ್ಕೆ ಒಳ್ಳೆಯ ಸರಕಾಗುತ್ತದೆ. ನನಗೆ ಭಯವಾಗುವುದು ಇಲ್ಲೇ. ನಿಧಾನ ಮಾಡುವವರೂ ಅವರೇ, ಬೇಗ ಮಾಡಿಕೊಡುತ್ತೇವೆಂದು ಬೆಲೆ ಕಟ್ಟುವವರೂ ಅವರೇ. ಹಾಗಿರುವಾಗ ನಿಧಾನವನ್ನು ಸರಿಪಡಿಸುವ ಅವಸರ ಯಾರಿಗಿರುತ್ತದೆ?

ಇದು ಬರೀ ನನ್ನ ಅನುಮಾನ ಅಂದುಕೊಳ್ಳಬೇಡಿ. 2017ರ ಏಪ್ರಿಲ್‌ನಲ್ಲಿ ಅಮೆರಿಕದ ಅದೇ ಇಲಾಖೆ ಎಚ್-1ಬಿ ಪ್ರೀಮಿಯಂ ಸೇವೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಅರ್ಜಿಗಳ ಜೊತೆಗೆ ಪ್ರೀಮಿಯಂ ಕೋರಿಕೆಗಳೂ ವಿಪರೀತ ಹೆಚ್ಚಿ, ಬಹುಕಾಲದಿಂದ ಕಾದಿದ್ದ ಮಾಮೂಲು ಅರ್ಜಿಗಳನ್ನು ಮುಟ್ಟಲು ಆಗುತ್ತಿಲ್ಲ ಎಂಬುದೇ ಅವರು ಕೊಟ್ಟ ಕಾರಣ. ಬಾವಿ ಒಂದೇ, ರಾಟೆ ಎರಡು ಹಾಕಿದರೆ ನೀರೇನೂ ಹೆಚ್ಚುವುದಿಲ್ಲ. ಅಲ್ಲಿ ಇನ್ನೊಂದು ನಿಯಮವೂ ಇದೆ. ಗೊತ್ತುಮಾಡಿದ 15 ಕೆಲಸದ ದಿನದೊಳಗೆ ಅರ್ಜಿಯ ಮೇಲೆ ಕ್ರಮವಾಗದಿದ್ದರೆ ಪ್ರೀಮಿಯಂ ಹಣ ವಾಪಸ್. ಒಳ್ಳೆಯ ನಿಯಮವೇ. ಆದರೆ ಗಮನಿಸಿ, ದಿನ ತಪ್ಪಿದರೆ ಹಣ ಹಿಂದಿರುಗಿಸುವ ಆ ಮಾತು ಸಿಗುವುದು ಹೆಚ್ಚು ಕೊಟ್ಟವನಿಗೆ ಮಾತ್ರ. ಕೊಡಲಾಗದವನು ಎಷ್ಟು ತಿಂಗಳು ಕಾದರೂ ಯಾರೂ ಏನೂ ತೆರಬೇಕಿಲ್ಲ.

ಹಾಗಾದರೆ ದಾರಿ ಏನು ಅಂತೀರಾ? ಅದು ನಮ್ಮ ರಾಜ್ಯದಲ್ಲೇ ಇದೆ, 'ಸಕಾಲ'. 2011ರಲ್ಲಿ ಕಾಯ್ದೆಯಾಗಿ 2012ರ ಏಪ್ರಿಲ್‌ನಿಂದ ಜಾರಿಗೆ ಬಂತು. ಜಾತಿ ಪ್ರಮಾಣಪತ್ರಕ್ಕೋ ಆದಾಯ ಪತ್ರಕ್ಕೋ ಅರ್ಜಿ ಹಾಕಿದವರಿಗೆ ಇಷ್ಟು ದಿನದೊಳಗೆ ಕೊಡುತ್ತೇವೆ ಎಂಬ ಮಾತು ಕಾನೂನಿನಲ್ಲೇ ಇದೆ. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500, ಅರ್ಜಿದಾರರಿಗೆ ಪರಿಹಾರ. ಅದನ್ನು ತುಂಬಿಕೊಡಬೇಕಾದ್ದು ತಡಮಾಡಿದ ಅಧಿಕಾರಿ. ಮೊತ್ತ ಸಣ್ಣದು, ಪಡೆಯಲು ಮೇಲ್ಮನವಿ ಹಾಕಬೇಕು, ನಿಜ. ಆದರೂ ಅದರ ಹಿಂದಿನ ತತ್ವ ದೊಡ್ಡದು. ಬೇಗ ಬೇಕೆಂದವರು ದುಡ್ಡು ಕೊಡಲಿ ಎನ್ನುವುದು ಒಂದು ರೀತಿ, ತಡ ಮಾಡಿದವರು ದುಡ್ಡು ಕೊಡಲಿ ಎನ್ನುವುದು ಇನ್ನೊಂದು ರೀತಿ. ಎರಡನೆಯದರಲ್ಲಿ ಬಡವರಿಗೂ ಮರ್ಯಾದೆ ಇದೆ.

ಪಾಸ್‌ಪೋರ್ಟ್ ಏನು ಸರ್ಕಾರ ದಯೆ ತೋರಿಸಿ ಕೊಡುವ ವಸ್ತುವೇ? ವಿದೇಶಕ್ಕೆ ಹೋಗಿಬರುವುದು ವ್ಯಕ್ತಿ ಸ್ವಾತಂತ್ರ್ಯದ ಭಾಗ ಎಂದು ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿತು. ಪಾಸ್‌ಪೋರ್ಟ್ ಕಾಯ್ದೆ ಬಂದದ್ದು ಅದೇ ವರ್ಷ, ಆ ತೀರ್ಪಿನ ಬೆನ್ನಲ್ಲೇ. 1978ರಲ್ಲಿ ಮೇನಕಾ ಗಾಂಧಿ ಪ್ರಕರಣದಲ್ಲಿ ಆ ಮಾತು ಇನ್ನೂ ಗಟ್ಟಿಯಾಯಿತು. ಹಕ್ಕಿನ ಕಾಗದಕ್ಕೆ ಖರ್ಚು ಕೇಳಲಿ, ತಪ್ಪಿಲ್ಲ. ಅವಸರವಿದ್ದವರಿಂದ ಹೆಚ್ಚು ಕೇಳಿದರೂ ನನ್ನ ತಕರಾರಿಲ್ಲ. ಆದರೆ ಸಾವು, ಕಾಯಿಲೆಯ ತುರ್ತಿಗೆ ಹೆಚ್ಚುವರಿ ಶುಲ್ಕ ಬೇಡ. ತತ್ಕಾಲ್‌ನಿಂದ ಬಂದ ಹಣ ಮಾಮೂಲು ಸಾಲಿಗೆ ಜನರನ್ನು ನೇಮಿಸಲು ಹೋಗಲಿ. ಮುಖ್ಯವಾಗಿ, ಮಾಮೂಲು ಸಾಲಿಗೂ ಸಕಾಲದಂಥ ಗಡುವು ಇರಲಿ.

ಆದ್ದರಿಂದ ನೀವು ನಾಳೆಯೇ ಅರ್ಜಿ ಹಾಕಿ, ಮನಸ್ಸಿನಲ್ಲಿ ಅಳುಕು ಇಟ್ಟುಕೊಳ್ಳಬೇಡಿ. ಮೊಮ್ಮಗು ಕಾಯುವುದಿಲ್ಲ. ಆದರೆ ಪಾಸ್‌ಪೋರ್ಟ್ ಕೇಂದ್ರ ಸರ್ಕಾರದ್ದು, ಮುಂದೆ ಲೋಕಸಭೆಗೆ ಮತ ಕೇಳುತ್ತ ನಮ್ಮ ಬೀದಿಗೆ ಬಂದವರನ್ನು ಇಬ್ಬರೂ ಸೇರಿ ನಿಲ್ಲಿಸಿ ಕೇಳೋಣ. ತತ್ಕಾಲ್ ಶುಲ್ಕ ಇಳಿಸಿ ಅಂತ ಕೇಳುವುದು ಬೇಡ. 1,500 ಕಟ್ಟಿದವರಿಗೂ ಒಂದು ದಿನ ಬರೆದುಕೊಡಿ, ಆ ದಿನ ತಪ್ಪಿದರೆ ಅವರ ಹಣ ಅವರಿಗೆ ಹಿಂದಿರುಗಿಸಿ ಅಂತ ಕೇಳೋಣ.