ಗದ್ದದ ಮಾಸ್ಕಿನ ಕಾಕಾ

ಗದ್ದದ ಮಾಸ್ಕಿನ ಕಾಕಾ ಎಂಬವರು ಯಾದಗಿರಿ, ಶಹಾಪುರ, ಸುರಪುರದ ಕಟ್ಟೆಗಳ ಮೇಲೆ 2020ರ ಬೇಸಿಗೆಯಿಂದ ಕಾಣಿಸಿಕೊಂಡವರು. ವಯಸ್ಸು ಐವತ್ತರ ಆಚೆ. ಬಿಳಿ ಧೋತರ, ಹೆಗಲಿಗೆ ಟವೆಲ್, ಗದ್ದಕ್ಕೆ ಮಾಸ್ಕು. ಆ ವರ್ಷ ಮಾರ್ಚ್ 10ರಂದು ನೆರೆಯ ಕಲಬುರಗಿಯಲ್ಲಿ ದೇಶದ ಮೊದಲ ಕೋವಿಡ್ ಸಾವು ಸಂಭವಿಸಿದಾಗ ಬಾಗಿಲು ಹಾಕಿಕೊಂಡು ಕುಳಿತವರು ಇವರೇ. ಏಪ್ರಿಲ್ ಬಿಸಿಲಿಗೆ ಧೈರ್ಯ ಬಂತು: “ಈ ಬಿಸ್ಲಾಗ ನಾವೇ ಉಳಿಯಂಗಿಲ್ಲ, ವೈರಸ್ ಉಳೀತದೇನ್ರಿ?” ಮೇ ತಿಂಗಳಲ್ಲಿ ಮುಂಬೈ, ಪುಣೆಗೆ ದುಡಿಯಲು ಹೋದವರು ಮರಳಿ, ಜಿಲ್ಲೆಯಲ್ಲಿ ಸೋಂಕು ಏರಿತು. ಕಾಕಾ ಸಿದ್ಧಾಂತ ಬಿಡಲಿಲ್ಲ. “ಅದು ಹೊರಗಿನ ವೈರಸ್ರಿ. ನಮ್ಮ ಬಿಸ್ಲು ಅದಕ್ಕಿನ್ನಾ ಗೊತ್ತಿಲ್ಲ.”

ಆರೋಗ್ಯದ ವಿಷಯದಲ್ಲಿ ಇವರನ್ನು ಉದಾಸೀನರೆನ್ನಲಾಗದು. ಬಾಯೊಳಗೆ ಹಾಕಿಕೊಳ್ಳಬಹುದಾದ ಯಾವುದನ್ನೂ ಬಿಟ್ಟವರಲ್ಲ. ಶುಂಠಿ, ಮೆಣಸು, ತುಳಸಿ, ಅರಿಶಿನದ ಕಷಾಯ ದಿನಕ್ಕೆ ಮೂರು ಸಲ. ಗಂಟಲಿಗೆ ಹಿತವಾದರೂ ಕಷಾಯ ಸೋಂಕನ್ನು ತಡೆಯದು. ಆದರೆ ಮೇ ತಿಂಗಳ ಯಾದಗಿರಿಯಲ್ಲಿ ಅಷ್ಟು ಮೆಣಸು ಕುಡಿದವರ ಹೊಟ್ಟೆ ಉರಿಯುವುದು ಖಚಿತ. ಆ ಉರಿಯನ್ನೇ ಕಾಕಾ ‘ಒಳಗ ವೈರಸ್ ಸಾಯಾಕತ್ತದ’ ಎಂದು ವಿವರಿಸುತ್ತಾರೆ.

ಬಾಯಿ ಮುಚ್ಚುವುದೊಂದೇ ಕಷ್ಟ. ಸೋಂಕು ಹರಡುವುದು ಮಾತು, ಕೆಮ್ಮು, ಸೀನುಗಳ ಹನಿಗಳಿಂದ. ಕಾಕಾ ಸುಮ್ಮನಿರುವಾಗ ಮಾಸ್ಕು ಏರಿಸಿ, ಮಾತಿಗೆ ಇಳಿಸುತ್ತಾರೆ. ಸೀನು ಬಂದರೆ ಅವಸರದಿಂದ ಇಳಿಸುತ್ತಾರೆ, ಮಾಸ್ಕು ಹೊಲಸಾಗಬಾರದು. “ಕಾಕಾ, ಮಾಸ್ಕ್ ಮ್ಯಾಲ ಮಾಡ್ರಿ” ಎಂದು ಆಶಾ ಕಾರ್ಯಕರ್ತೆ ಹೇಳಿದರೆ, “ನಿನ್ ಜೋಡಿ ಮಾತಾಡ್ಬೇಕಲ್ಲವ್ವಾ” ಎನ್ನುತ್ತಾರೆ. ಪೊಲೀಸರು ಕಂಡರೆ ಮಾತ್ರ ಅದು ಕಣ್ಣಿನವರೆಗೆ ಏರುತ್ತದೆ. 2020ರ ಅಕ್ಟೋಬರ್‌ನಲ್ಲಿ ಮಾಸ್ಕಿಲ್ಲದವರಿಗೆ ದಂಡ ಮಹಾನಗರ ಪಾಲಿಕೆಗಳಲ್ಲಿ 250 ರೂಪಾಯಿ, ಉಳಿದೆಡೆ 100 ಎಂದು ಇಳಿಯಿತು. ಮಾಸ್ಕೂ ಅಷ್ಟೇ ಇಳಿಯಿತು.

ಸ್ಯಾನಿಟೈಸರಿನಲ್ಲಿ ಇವರದು ಎತ್ತಿದ ಕೈ. ಕಿರಾಣಿ ಅಂಗಡಿಯವ ಕೊಟ್ಟ ಚಿಲ್ಲರೆ ನೋಟುಗಳನ್ನು ಒಂದೊಂದಾಗಿ ಒರೆಸಿ, ಬಿಸಿಲಿಗೆ ಹಿಡಿದು, ಆಮೇಲೆ ಹೆಬ್ಬೆರಳಿಗೆ ಉಗುಳು ಹಚ್ಚಿ ಎಣಿಸುತ್ತಾರೆ. ಲೆಕ್ಕ ತಪ್ಪಿದರೆ ಎರಡನೇ ಸಲ ಎಣಿಕೆ ಉಂಟು, ಒರೆಸುವುದಿಲ್ಲ. ಮದುವೆಗೆ 50 ಜನ ಮಾತ್ರ ಎಂಬ ನಿಯಮಕ್ಕೂ ಅವರ ಪೂರ್ಣ ಬೆಂಬಲವಿತ್ತು. ಆ ಐವತ್ತರಲ್ಲಿ ತಾವೊಬ್ಬರು ಎಂದು ನಂಬಿ ಹೋದರು. ಪಂಗ್ತಿಯಲ್ಲಿದ್ದ ಮುನ್ನೂರು ಜನರೂ ಹಾಗೇ ನಂಬಿ ಬಂದಿದ್ದರು.

2021ರ ಏಪ್ರಿಲ್ 1ರಿಂದ 45 ತುಂಬಿದವರಿಗೆಲ್ಲ ಲಸಿಕೆ ಮುಕ್ತವಾಯಿತು. “ಕಾಕಾ, ಸೂಜಿ ಮಾಡಿಸ್ಕೋರಿ” ಎಂದು ಅದೇ ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದಾಗ ಕಾಕಾಗೆ ಹೆಂಡತಿಯ ಆರೋಗ್ಯದ ಕಾಳಜಿ ಹುಟ್ಟಿತು. “ಮೊದ್ಲು ನಿಮ್ಮ ಕಾಕಿಗೆ ಹಾಕ್ರಿ. ಹದಿನೈದು ದಿನ ನೋಡೂಣು.” ಕಾಕಿ ಸೂಜಿ ಮಾಡಿಸಿಕೊಂಡು ಬಂದು ರೊಟ್ಟಿ ಬಡಿದರು. ಹದಿನೈದು ದಿನವೂ ಬಡಿದರು. ಬೇರೆ ನೆಪ ಉಳಿಯದೆ ಕಾಕಾ ಹೋದರು. ರಾತ್ರಿ ಮೈ ಬೆಚ್ಚಗಾಯಿತು. ಲಸಿಕೆಗೆ ದೇಹ ಸ್ಪಂದಿಸುವಾಗ ಅದು ಸಾಮಾನ್ಯ. ಕಾಕಾ ಮಾತ್ರ ಮಕ್ಕಳನ್ನು ಕರೆಸಿ ಹೊಲದ ಪಾಲಿನ ಮಾತು ತೆಗೆದರು. ಬೆಳಿಗ್ಗೆ ಜ್ವರ ಬಿಟ್ಟಾಗ ಆ ಮಾತನ್ನು ವಾಪಸ್ ತಗೊಂಡು, ಪ್ರಮಾಣಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಿ, ಅಂಗಿಯ ಕಿಸೆಯಲ್ಲಿಟ್ಟುಕೊಂಡು ಕಟ್ಟೆಗೆ ಬಂದರು. ಲಸಿಕೆ ಹಾಕಿಸಿಕೊಳ್ಳದವರನ್ನು ಆಮೇಲೆ ಬೈದವರು ಅವರೇ. ಜ್ವರ ಇಳಿಸಿದ್ದು ಯಾವುದೆಂದು ಕೇಳಿದರೆ, ಕಷಾಯ ಎನ್ನುತ್ತಾರೆ.