ಎರಡರಷ್ಟು ರಾಯರು

ಡೊಂಬಿವಲಿ ಪೂರ್ವದ ಯಾವ ಸೊಸೈಟಿಗೆ ಹೋದರೂ ಇಂಥ ಒಬ್ಬ ರಾಯರು ಸಿಕ್ಕೇ ಸಿಗುತ್ತಾರೆ. ಊರು ಉಡುಪಿ ಕಡೆ, ನೌಕರಿ ಠಾಣೆಯಲ್ಲಿ, ಸ್ವಭಾವ ‘ಇರಲಿ, ಬೇಕಾಗ್ತದೆ’. ಠಾಣೆಗೆ ಹೋಗಲಿಕ್ಕೂ ಮೊದಲು ಹಿಂದಕ್ಕೆ ಕಲ್ಯಾಣಕ್ಕೆ ಹೋಗಿ, ಅಲ್ಲಿಂದ ಹೊರಡುವ ಲೋಕಲ್‌ನಲ್ಲಿ ಕಿಟಕಿ ಹಿಡಿದು, ಮತ್ತೆ ಡೊಂಬಿವಲಿ ಮೇಲೆಯೇ ಹಾದುಹೋಗುವವರು. (ಪಾಸನ್ನು ಕಲ್ಯಾಣದವರೆಗೂ ಮಾಡಿಸಿರುತ್ತಾರೆ, ನ್ಯಾಯ ತಪ್ಪುವ ಮನುಷ್ಯರಲ್ಲ.) ನಿವೃತ್ತಿಯಾಗಿ ಮಧ್ಯಾಹ್ನದ ಖಾಲಿ ಗಾಡಿ ಹತ್ತುವಾಗಲೂ ಅದೇ ಕ್ರಮ.

ಇವರ ಕಂಪ್ಯೂಟರ್ ವಿದ್ಯೆ 1990ರ ದಶಕದ್ದು. ‘ಪಿಸಿಕ್ವೆಸ್ಟ್’ ಪತ್ರಿಕೆಯ ಜೊತೆ ಬರುತ್ತಿದ್ದ ಸಿಡಿಯಿಂದ ಲಿನಕ್ಸ್ ಹಾಕಿ ಕಲಿತವರು. ರ‍್ಯಾಮ್ ಎಷ್ಟೋ, ಸ್ವಾಪ್ ಅದರ ಎರಡರಷ್ಟು ಎಂದು ಆಗ ಕಲಿತದ್ದು. 64 ಎಂಬಿಗೆ 128. ಆ ಕಾಲಕ್ಕೆ ಸರಿಯೇ ಇತ್ತು. ಬ್ರೌಸರ್ ತೆರೆದರೆ ಸಾಕು, ರ‍್ಯಾಮ್ ತುಂಬಿ, ಕೆಲಸವಿಲ್ಲದೆ ಕೂತದ್ದನ್ನೆಲ್ಲ ಡಿಸ್ಕಿನಲ್ಲಿ ಸ್ವಾಪ್‌ಗೆಂದು ತೆಗೆದಿಟ್ಟ ಜಾಗಕ್ಕೆ ಸಾಗಿಸಲು ಯಂತ್ರ ಕರಕರ ಎನ್ನುತ್ತಿತ್ತು.

ಮೊನ್ನೆ ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ, ಚೌಕಾಸಿ ಮಾಡಿ, 16 ಜಿಬಿಯ ಎರಡು ರ‍್ಯಾಮ್ ತಂದರು. ಟಿಫಿನ್ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಎದೆಗವಚಿಕೊಂಡು. ಇಷ್ಟಕ್ಕೂ ಆ ಕಂಪ್ಯೂಟರ್ ಮೇಲೆ ನಡೆಯುವುದು ಬೆಳಿಗ್ಗೆ ಪೇಪರ್, ಸಂಜೆ ಯೂಟ್ಯೂಬಿನಲ್ಲಿ ಯಕ್ಷಗಾನ, ತಿಂಗಳಿಗೊಮ್ಮೆ ಸೊಸೈಟಿಯ ಮೇಂಟೆನೆನ್ಸ್ ಲೆಕ್ಕ. ರ‍್ಯಾಮ್ 32 ಆಯಿತು, ಸ್ವಾಪ್ 64 ಆಯಿತು.

ಐರೋಲಿಯಲ್ಲಿ ಐಟಿ ಕೆಲಸದಲ್ಲಿರುವ ಅಳಿಯ ಭಾನುವಾರ ಬಂದು ನೋಡಿ ಹೌಹಾರಿದ.

“ಮಾವ, ನಿಮ್ಮ ಎಸ್‌ಎಸ್‌ಡಿಯೇ 256. ಅದರಲ್ಲಿ ಕಾಲು ಭಾಗ ಸ್ವಾಪಿಗಾ?”

“ಇರಲಿ ಮಾರಾಯ, ತಿನ್ಲಿಕ್ಕೆ ಕೇಳ್ತದಾ ಅದು?”

ಹೈಬರ್ನೇಟ್ ಮಾಡುವವರಾದರೆ ಒಂದು ಮಾತು. ರ‍್ಯಾಮ್‌ನಲ್ಲಿದ್ದದ್ದನ್ನೆಲ್ಲ ಡಿಸ್ಕಿಗೆ ಬರೆದಿಟ್ಟು ಮಲಗಬೇಕಲ್ಲ, ಅದಕ್ಕೆ ಹೆಚ್ಚುಕಡಿಮೆ ರ‍್ಯಾಮ್‌ನಷ್ಟೇ ಜಾಗ ಬೇಕು. ರಾಯರಾದರೋ ರಾತ್ರಿ ಕಂಪ್ಯೂಟರ್ ಬಂದ್ ಮಾಡಿ, ಗೋಡೆಯ ಸ್ವಿಚ್ಚನ್ನೂ ಆರಿಸಿ, ಪ್ಲಗ್ಗನ್ನೂ ಕಿತ್ತಿಡುವವರು.

ಅಳಿಯ ಕಮಾಂಡ್ ಕೊಟ್ಟು ತೋರಿಸಿದ. ಸ್ವಾಪ್ ಬಳಕೆ ಸೊನ್ನೆ. ರಾಯರ ಮುಖ ಅರಳಿತು.

“ಕಂಡೆಯಾ? ಇಟ್ಟದ್ದು ಇಟ್ಟಲ್ಲೇ ಉಂಟು!”

“ಈಗ ಪಾರ್ಟಿಷನ್ನೇ ಬೇಡ ಮಾವ. ಸ್ವಾಪ್ ಫೈಲ್ ಸಾಕು, ಬೇಕಾದಾಗ ದೊಡ್ಡದು ಮಾಡ್ಲಿಕ್ಕಾಗ್ತದೆ.”

“ಹಾಗಾದ್ರೂ ಮಾಡಪ್ಪ,” ಒಳಗಿನಿಂದ ಅತ್ತೆಯ ದನಿ. “ಮೊಮ್ಮಗಳ ಫೋಟೋ ಹಾಕ್ಲಿಕ್ಕೆ ಜಾಗ ಇಲ್ಲ ಅಂತಾರೆ.”

ಮನೆಯವರೂ ಸೇರಿದ ಮೇಲೆ ರಾಯರು ಸೋತರು. ಕನ್ನಡಕ ಒರೆಸಿಕೊಂಡರು.

“ಎಷ್ಟು ಸಾಕು ಅಂತೀಯಾ?”

“ನಾಲ್ಕು ಜಿಬಿ ಧಾರಾಳ.”

“ಸರಿಯಾಗಿ ಲೆಕ್ಕ ಹಾಕಿ ಹೇಳಿದ್ದು ತಾನೇ?”

“ಹೌದು ಮಾವ.”

“ಹಾಗಾದ್ರೆ ಎಂಟು ಇಡು.”