ಬಂದರು ಮೀಮಾಂಸೆ: ಕೆರಿಬಿಯನ್ ಕಿರುಯಾನದ ತಂಗುರೇವುಗಳ ಲಕ್ಷಣ, ಭೇದ ಮತ್ತು ಫಲ

ಲಕ್ಷಣ

ಪ್ರವಾಸಿ ಹಡಗು ಬೆಳಿಗ್ಗೆ ಬಂದು ಸಂಜೆ ಬಿಟ್ಟುಹೋಗುವ ಊರಿಗೆ ತಂಗುರೇವು ಎಂದು ಹೆಸರು. ಇಲ್ಲಿ ‘ತಂಗು’ ಎಂಬ ಧಾತುವನ್ನು ಗೌಣಾರ್ಥದಲ್ಲಿ ತೆಗೆದುಕೊಳ್ಳಬೇಕು. ರಾತ್ರಿ ಅಲ್ಲಿ ನಿಜವಾಗಿಯೂ ತಂಗಿದವನನ್ನು ಪ್ರವಾಸಿ ಎನ್ನುವುದಿಲ್ಲ, ಹಡಗು ತಪ್ಪಿದವನು ಎನ್ನುತ್ತಾರೆ. ಅಮೆರಿಕದ ಫ್ಲಾರಿಡಾ ರಾಜ್ಯದ ಮಯಾಮಿ, ಫೋರ್ಟ್ ಲಾಡರ್‌ಡೇಲ್ ಅಥವಾ ಪೋರ್ಟ್ ಕೆನವೆರಲ್‌ನಿಂದ ಹೊರಟು, ಮೂರರಿಂದ ಐದು ರಾತ್ರಿ ನೀರಿನ ಮೇಲಿದ್ದು, ಹೊರಟಲ್ಲಿಗೇ ಮರಳುವ ಯಾನಕ್ಕೆ ಕೆರಿಬಿಯನ್ ಕಿರುಯಾನವೆಂದು ಹೆಸರು. ಈ ಪ್ರಬಂಧದ ವ್ಯಾಪ್ತಿ ಇಂಥ ಯಾನಗಳ ರೇವುಗಳಿಗೆ ಸೀಮಿತ.

ತಂಗುರೇವಿನ ಲಕ್ಷಣ ಹೇಳಹೊರಟವರೆಲ್ಲ ತರ್ಕಶಾಸ್ತ್ರದ ಮೂರು ದೋಷಗಳಲ್ಲಿ ಒಂದಕ್ಕೆ ಸಿಕ್ಕಿಬೀಳುತ್ತಾರೆ. ‘ಕೆರಿಬಿಯನ್ ಸಮುದ್ರದ ದಡದ ಊರು’ ಎಂದರೆ ಅವ್ಯಾಪ್ತಿ: ಕಿರುಯಾನದ ಹಡಗುಗಳು ಮುಗಿಬೀಳುವ ಬಹಾಮಾಸ್ ಇರುವುದು ಅಟ್ಲಾಂಟಿಕ್ ಸಾಗರದಲ್ಲಿ. ಅಲ್ಲಿಗೆ ಮಾತ್ರ ಹೋಗಿಬರುವ ಹಡಗಿನ ತಳಕ್ಕೆ ಕೆರಿಬಿಯನ್ ನೀರು ಸೋಕುವುದೇ ಇಲ್ಲ. ‘ಪರದೇಶದ ಊರು’ ಎಂದರೆ ಮತ್ತೆ ಅವ್ಯಾಪ್ತಿ: ಕೀ ವೆಸ್ಟ್ ಅಮೆರಿಕದ್ದೇ ಊರು. ‘ಹಡಗು ನಿಲ್ಲುವ ಜಾಗ’ ಎಂದರೆ ಅತಿವ್ಯಾಪ್ತಿ: ಹೊರಡುವ ಮುನ್ನ ಮಯಾಮಿಯಲ್ಲೂ ಅದು ನಿಂತೇ ಇತ್ತು. ‘ಪ್ರಯಾಣಿಕ ನೋಡಿ ಮುಗಿಸಿದ ಊರು’ ಎಂದರೆ ಅಸಂಭವ: ಅಂಥ ಊರು ಇನ್ನೂ ಸಿಕ್ಕಿಲ್ಲ. ದೋಷವಿಲ್ಲದೆ ಉಳಿಯುವ ಲಕ್ಷಣ ಒಂದೇ. ಇಳಿದವನು ಮತ್ತೆ ಹತ್ತಲು ಕೊನೆಯ ಗಳಿಗೆಯೊಂದು ಎಲ್ಲಿ ಗೊತ್ತಾಗಿದೆಯೋ ಅದು ತಂಗುರೇವು. ಅರ್ಥಾತ್ ಈ ಪದ ನೋಡಲು ದೇಶವಾಚಕ, ವ್ಯವಹಾರದಲ್ಲಿ ಕಾಲವಾಚಕ.

ಕನ್ನಡ ಓದುಗರಿಗೆ ಇಲ್ಲೊಂದು ಎಚ್ಚರಿಕೆ ಅಗತ್ಯ. ಅವರಲ್ಲಿ ಹಿರಿಯರಿಗೆ ಕೆರಿಬಿಯನ್ ಭೂಗೋಳವನ್ನು ಕಲಿಸಿದ್ದು ಶಾಲೆಯಲ್ಲ, ಕ್ರಿಕೆಟ್. 1976ರಲ್ಲಿ ಭಾರತ ನಾಲ್ಕನೇ ಇನಿಂಗ್ಸ್‌ನಲ್ಲಿ 406 ರನ್ ಹೊಡೆದು ಗೆದ್ದಾಗ ಜಿ.ಆರ್. ವಿಶ್ವನಾಥ್ ಶತಕ ಬಾರಿಸಿದ ಪೋರ್ಟ್ ಆಫ್ ಸ್ಪೇನ್, ವೇಗದ ಬೌಲರುಗಳ ಬ್ರಿಜ್‌ಟೌನ್, ನದೀತೀರದ ಜಾರ್ಜ್‌ಟೌನ್: ಇವು ಯಾವುವೂ ಕಿರುಯಾನದಲ್ಲಿ ಬರುವುದಿಲ್ಲ. ಬಹಾಮಾಸ್ ವೆಸ್ಟ್ ಇಂಡೀಸ್ ತಂಡಕ್ಕೆ ಸೇರಿದ್ದೂ ಅಲ್ಲ.

ಕಾರಣ

ಹಡಗು ರೇವಿಗೆ ಹೋಗುವುದು ಏಕೆ? ಪ್ರವಾಸಿಗರಿಗೆ ಊರು ತೋರಿಸಲು ಎಂಬುದು ಜನಪ್ರಿಯ ನಂಬಿಕೆ. ಶಾಸನಾಧಾರ ಬೇರೆಯದನ್ನೇ ಹೇಳುತ್ತದೆ. ಅಮೆರಿಕದ 1886ರ ಪ್ರಯಾಣಿಕ ಹಡಗುಗಳ ಕಾಯಿದೆಯ ಪ್ರಕಾರ ಪರದೇಶದ ಬಾವುಟ ಹೊತ್ತ ಹಡಗು ಅಮೆರಿಕದ ಒಂದು ಬಂದರಿನಿಂದ ಇನ್ನೊಂದಕ್ಕೆ ಜನರನ್ನು ಸಾಗಿಸುವಂತಿಲ್ಲ. ಅಂಥ ಬಂದರುಗಳನ್ನು ಸುತ್ತಿ ಹೊರಟಲ್ಲಿಗೇ ಮರಳುವುದಾದರೆ ನಡುವೆ ಒಂದು ವಿದೇಶಿ ರೇವನ್ನಾದರೂ ಮುಟ್ಟಬೇಕು. ಫ್ಲಾರಿಡಾದಿಂದ ಹೊರಡುವ ದೊಡ್ಡ ವಿಹಾರ ಹಡಗುಗಳ ಬಾಲದಲ್ಲಿ ಹಾರುವುದು ಬಹಾಮಾಸ್, ಪನಾಮಾದಂಥ ದೇಶಗಳ ಬಾವುಟ. ಹೀಗಾಗಿ ಬಹಾಮಾಸ್ ಬಾವುಟದ ಹಡಗು ಬಹಾಮಾಸನ್ನೇ ವಿದೇಶವೆಂದು ಮುಟ್ಟಿ ಬರುತ್ತದೆ. ಮದುವೆಗೆ ಊಟಕ್ಕೆಂದೇ ಹೋದವರು ಅಕ್ಷತೆಯನ್ನೂ ಹಾಕಿ ಬರುವ ಹಾಗೆ.

ಮಯಾಮಿಯಿಂದ ನಸ್ಸೌಗೆ ಸುಮಾರು 300 ಕಿ.ಮೀ. ವಿಮಾನಕ್ಕೆ ಅದು ಒಂದು ಗಂಟೆಯ ಹಾದಿ. ಹಡಗು ಇದಕ್ಕೆ ಇಡೀ ರಾತ್ರಿ ತೆಗೆದುಕೊಳ್ಳುತ್ತದೆ. ಈ ನಿಧಾನಕ್ಕೆ ಯಂತ್ರದ ದೌರ್ಬಲ್ಯ ಕಾರಣವಲ್ಲ. ಹಡಗಿನ ಜೂಜಿನ ಕೋಣೆಯೂ ಸುಂಕವಿಲ್ಲದ ಅಂಗಡಿಯೂ ಬಾಗಿಲು ತೆರೆಯುವುದು ದಡ ದೂರವಾದ ಮೇಲೆ. ರೇವಿನಲ್ಲಿದ್ದಾಗ ಅವುಗಳಿಗೆ ಬೀಗ.

ಭೇದ

ತಂಗುರೇವು ನಾಲ್ಕು ವಿಧ: ರಾಜಧಾನಿ, ಸ್ವಂತ ದ್ವೀಪ, ಕ್ಷೇತ್ರ ಮತ್ತು ಮನೆಯಂಗಳ.

ರಾಜಧಾನಿ. ಬಹಾಮಾಸ್‌ನ ರಾಜಧಾನಿ ನಸ್ಸೌ. 2023ರಲ್ಲಿ ನವೀಕರಣ ಮುಗಿಸಿದ ಇಲ್ಲಿನ ಹಡಗುಕಟ್ಟೆಯಲ್ಲಿ ಆರು ದೊಡ್ಡ ಹಡಗುಗಳು ಒಟ್ಟಿಗೆ ನಿಲ್ಲಬಹುದು. 18ನೇ ಶತಮಾನದ ಆರಂಭದಲ್ಲಿ ಈ ಊರು ಕಡಲ್ಗಳ್ಳರ ಠಾಣೆಯಾಗಿತ್ತು. ಕರಿಗಡ್ಡನೆಂದು ಹೆಸರಾದ ಎಡ್ವರ್ಡ್ ಟೀಚ್ ಇಲ್ಲಿದ್ದವನೇ. 1718ರಲ್ಲಿ ಗವರ್ನರ್ ಆಗಿ ಬಂದ ವುಡ್ಸ್ ರಾಜರ್ಸ್ ಈ ಕಳ್ಳರನ್ನು ಅಡಗಿಸಿದ. ಕಳ್ಳರು ಹೋದರು, ವ್ಯಾಪಾರ ಮರಳಿತು ಎಂಬರ್ಥದ ಲ್ಯಾಟಿನ್ ವಾಕ್ಯ ಆಮೇಲೆ ವಸಾಹತಿನ ಧ್ಯೇಯವಾಕ್ಯವಾಯಿತು. ಕಟ್ಟೆಯ ಎದುರಿನ ಬೇ ಸ್ಟ್ರೀಟ್‌ನ ಒಡವೆ ಅಂಗಡಿಗಳಲ್ಲಿ ಬೆಲೆ ವಿಚಾರಿಸಿದ ಸಂಶೋಧಕರು ವಾಕ್ಯದ ಉತ್ತರಾರ್ಧವನ್ನು ಪೂರ್ತಿ ಒಪ್ಪುತ್ತಾರೆ. ಪೂರ್ವಾರ್ಧದ ಬಗ್ಗೆ ಅವರಲ್ಲಿ ಒಮ್ಮತವಿಲ್ಲ.

ನಸ್ಸೌನಲ್ಲಿ ನೋಡಲೇಬೇಕಾದದ್ದು ರಾಣಿ ಮೆಟ್ಟಿಲು. 1790ರ ದಶಕದಲ್ಲಿ ಗುಲಾಮರು ಸುಣ್ಣಕಲ್ಲಿನ ಬೆಟ್ಟವನ್ನು ಕೈಯಾರೆ ಕಡಿದು 66 ಮೆಟ್ಟಿಲು ಮಾಡಿದರು. ಈಗ ಎಣಿಸಿದರೆ 65. ಒಂದು ಮೆಟ್ಟಿಲು ಕೆಳಗಿನ ನೆಲ ಹಾಸುವಾಗ ಹೂತುಹೋಯಿತು. ಕಡಿಯಲು ಹಿಡಿದ ಕಾಲವನ್ನೂ ಹತ್ತಿ ಫೋಟೊ ತೆಗೆದು ಇಳಿಯಲು ಹಿಡಿಯುವ ಹತ್ತು ನಿಮಿಷವನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟರೆ ಕಾಲವಾಚಕ ಸಿದ್ಧಾಂತ ತಾನಾಗಿ ಮನದಟ್ಟಾಗುತ್ತದೆ. ಈ ಒಂದು ಕಡೆ ಶಾಸ್ತ್ರಕಾರರೂ ನಗುವುದಿಲ್ಲ.

ನಿರುಕ್ತದ ವಿಷಯ. ನಸ್ಸೌ ಎದುರಿನ ದ್ವೀಪಕ್ಕೆ ಹಿಂದೆ ಹಂದಿ ದ್ವೀಪ ಎಂಬ ಅರ್ಥದ ಹೆಸರಿತ್ತು. 1960ರ ದಶಕದಲ್ಲಿ ಒಬ್ಬ ಶ್ರೀಮಂತರು ಅದನ್ನು ಪ್ಯಾರಡೈಸ್ ಐಲೆಂಡ್ ಮಾಡಿದರು. ಸ್ವರ್ಗವೆಂದು ಹೆಸರಾದ ಮೇಲೆ ದರವೂ ಸ್ವರ್ಗಕ್ಕೇರಿತು. ಹಂದಿಗಳು ಈಗ ದೂರದ ಎಕ್ಸೂಮಾ ದ್ವೀಪಗಳ ನೀರಿನಲ್ಲಿ ಈಜುತ್ತವೆ. ಅವನ್ನು ನೋಡಲು ಅದೇ ಸ್ವರ್ಗದಿಂದ ಜನ ದುಡ್ಡು ಕೊಟ್ಟು ದೋಣಿ ಹತ್ತುತ್ತಾರೆ.

ಬಹಾಮಾಸ್‌ನ ಮುಖ್ಯ ಆಹಾರಗಳಲ್ಲಿ ಒಂದು ಶಂಖದ ಹುಳು. ಅದನ್ನು ಹಸಿಯಾಗಿಯೇ ಹೆಚ್ಚಿ, ನಿಂಬೆರಸ, ಈರುಳ್ಳಿ, ಮೆಣಸಿನಕಾಯಿ ಬೆರೆಸಿ ಕೋಸಂಬರಿಯಂತೆ ಕೊಡುತ್ತಾರೆ. ಚಿಪ್ಪು ಪ್ರವಾಸಿಗರ ಪಾಲು. ಶಂಖದಿಂದ ಬಂದರೇ ತೀರ್ಥ ಎಂಬ ಕನ್ನಡ ಗಾದೆಯ ವ್ಯಾಖ್ಯಾನಕಾರರು ಶಂಖದ ಒಳಗೇ ಊಟವಿದ್ದೀತೆಂದು ಊಹಿಸಿರಲಿಲ್ಲ.

ಸ್ವಂತ ದ್ವೀಪ. ಊರುಗಳಲ್ಲಿ ಜನ ಇರುತ್ತಾರೆ, ಅವರಿಗೆ ತಮ್ಮದೇ ಕೆಲಸವಿರುತ್ತದೆ ಎಂಬ ತೊಂದರೆಯನ್ನು ಹಡಗು ಕಂಪನಿಗಳು ಬಗೆಹರಿಸಿದ ರೀತಿ ಇದು. 1977ರಲ್ಲಿ ನಾರ್ವೇಜಿಯನ್ ಕಂಪನಿ ಗ್ರೇಟ್ ಸ್ಟಿರಪ್ ಕೇ ದ್ವೀಪವನ್ನು ತನ್ನದಾಗಿಸಿಕೊಂಡು ದಾರಿ ತೋರಿತು. ಬಳಿಕ ಲಿಟಲ್ ಸ್ಟಿರಪ್ ಕೇ ಕೊಕೊಕೇ ಆಯಿತು, ಗೊರ್ಡಾ ಕೇ 1998ರಲ್ಲಿ ಡಿಸ್ನಿಯ ಕ್ಯಾಸ್ಟವೇ ಕೇ ಆಯಿತು, ಲಿಟಲ್ ಸ್ಯಾನ್ ಸಾಲ್ವಡಾರ್ ಹಾಫ್ ಮೂನ್ ಕೇ ಆಯಿತು. ದತ್ತು ಹೋದ ಮಗುವಿಗೆ ಹೊಸ ಮನೆಯಲ್ಲಿ ಹೊಸ ಹೆಸರಿಡುವುದು ಸಂಪ್ರದಾಯ.

ಇಲ್ಲಿ ಊಟ ಹಡಗಿನದು, ಬಡಿಸುವವರು ಹಡಗಿನವರು, ಕೋಣೆಯ ಬಾಗಿಲು ತೆರೆಯುವ ಕಾರ್ಡೇ ಅಂಗಡಿಯ ಹಣ. ತತ್ತ್ವತಃ ಪ್ರಯಾಣಿಕ ಹಡಗಿನಿಂದ ಇಳಿದು ಹಡಗಿಗೇ ಹೋಗುತ್ತಾನೆ. ವ್ಯತ್ಯಾಸ ಕಾಲಿಗೆ ಅಂಟುವ ಮರಳಿನದು. ಕೆಲವು ದ್ವೀಪಗಳ ಬಳಿ ನೀರು ಆಳವಿಲ್ಲದ ಕಾರಣ ಹಡಗು ದೂರದಲ್ಲೇ ನಿಂತು ಟೆಂಡರ್ ದೋಣಿಗಳಲ್ಲಿ ಜನರನ್ನು ಕಳಿಸುತ್ತದೆ. ಗಾಳಿ ಜೋರಾದರೆ ದೋಣಿಯಿಲ್ಲ. ಆಗ ದ್ವೀಪವನ್ನು ಕಟಕಟೆಯಿಂದಲೇ ದರ್ಶನ ಮಾಡಬೇಕು. ಇದಕ್ಕೆ ಶಿಖರದರ್ಶನ ನ್ಯಾಯ ಅನ್ವಯಿಸುತ್ತದೆ.

ಕ್ಷೇತ್ರ. ನಾಲ್ಕೈದು ರಾತ್ರಿಯ ಯಾನ ಮೆಕ್ಸಿಕೋದ ಕೊಜುಮೆಲ್ ದ್ವೀಪದವರೆಗೆ ಹೋಗುತ್ತದೆ. ಇದು ನಿಜವಾದ ಕೆರಿಬಿಯನ್, ನಿಜವಾದ ಕ್ಷೇತ್ರವೂ ಹೌದು. ಹೆರಿಗೆಯ ದೇವತೆ ಇಷ್ಚೆಲ್‌ಳ ದರ್ಶನಕ್ಕೆ ಮಾಯಾ ಹೆಂಗಸರು ದೋಣಿಯಲ್ಲಿ ಕಡಲು ದಾಟಿ ಇಲ್ಲಿಗೆ ಬರುತ್ತಿದ್ದರು. ಆ ಕಾಲದ ಗುಡಿಗಳ ಅವಶೇಷ ದ್ವೀಪದ ಒಳಭಾಗದ ಸ್ಯಾನ್ ಹೆರ್ವಾಸಿಯೋದಲ್ಲಿದೆ. ಈಗಿನ ಯಾತ್ರಿಕರು ಕಟ್ಟೆಯಿಂದ ಒಡವೆ ಅಂಗಡಿ, ಅಲ್ಲಿಂದ ಟಕೀಲಾ ಅಂಗಡಿ, ಅಲ್ಲಿಂದ ಕಟ್ಟೆ ಎಂಬ ಪ್ರದಕ್ಷಿಣೆಯಲ್ಲಿ ತೃಪ್ತರು.

ಕಾಲವಾಚಕ ಸಿದ್ಧಾಂತಕ್ಕೆ ಅತ್ಯಂತ ಬಲವಾದ ಪುರಾವೆ ಸಿಗುವುದೂ ಇಲ್ಲಿಯೇ. ಕೊಜುಮೆಲ್ ಇರುವ ಕಿಂಟಾನಾ ರೂ ರಾಜ್ಯ 2015ರಿಂದ ವರ್ಷವಿಡೀ ಒಂದೇ ಗಡಿಯಾರ ಇಟ್ಟುಕೊಂಡಿದೆ. ಫ್ಲಾರಿಡಾ ಮಾತ್ರ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತದೆ. ಹಡಗು ಫ್ಲಾರಿಡಾದ ಗಡಿಯಾರದಲ್ಲೇ ಉಳಿದರೆ, ಹಡಗಿನಲ್ಲಿ ನಾಲ್ಕು ಆದಾಗ ಊರಿನಲ್ಲಿ ಮೂರು. ಜೇಬಿನ ಮೊಬೈಲ್ ಊರಿನ ಗಂಟೆಯನ್ನು ತಾನಾಗಿ ಕಲಿತುಬಿಡುತ್ತದೆ. ಮೊಬೈಲನ್ನು ನಂಬಿದವನು ಕಟ್ಟೆಗೆ ಬಂದಾಗ ಹಡಗು ಕ್ಷಿತಿಜದಲ್ಲಿರುತ್ತದೆ. ಅವನ ಪಾಸ್‌ಪೋರ್ಟನ್ನು ಕೋಣೆಯಿಂದ ತೆಗೆದು ಬಂದರಿನ ಏಜೆಂಟರ ಕೈಗೆ ಕೊಟ್ಟುಹೋಗುವುದು ಹಡಗಿನವರ ಸೌಜನ್ಯ. ಹಡಗಿನಲ್ಲೇ ಟಿಕೆಟ್ ಕೊಂಡ ಪ್ರವಾಸದ ಬಸ್ಸು ತಡವಾದರೆ ಹಡಗು ಕಾಯುತ್ತದೆ. ಸ್ವಂತ ಟ್ಯಾಕ್ಸಿ ತಡವಾದರೆ ಕಾಯುವುದಿಲ್ಲ.

ಮನೆಯಂಗಳ. ಫ್ಲಾರಿಡಾದ ದ್ವೀಪಸಾಲಿನ ತುದಿಯ ಕೀ ವೆಸ್ಟ್ ಅಮೆರಿಕದೊಳಗೇ ಇರುವುದರಿಂದ 1886ರ ಕಾಯಿದೆ ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಜೊತೆಗೆ ಇನ್ನೊಂದು ವಿದೇಶಿ ರೇವು ಬೇಕೇಬೇಕು. ವಿದೇಶವಾಗಲು ಈ ಊರು ತನ್ನ ಪ್ರಯತ್ನ ಮಾಡಿದೆ. 1982ರಲ್ಲಿ ಹೆದ್ದಾರಿಯಲ್ಲಿ ಗಡಿ ಪೊಲೀಸರು ತಪಾಸಣೆ ಇಟ್ಟು ಸಂಚಾರ ತಡೆದಾಗ ಮೇಯರ್ ‘ಶಂಖ ಗಣರಾಜ್ಯ’ದ ಸ್ವಾತಂತ್ರ್ಯ ಘೋಷಿಸಿ, ಅಮೆರಿಕದ ಮೇಲೆ ಯುದ್ಧ ಸಾರಿ, ಒಂದೇ ನಿಮಿಷದಲ್ಲಿ ಶರಣಾಗಿ, ನೂರು ಕೋಟಿ ಡಾಲರ್ ನೆರವು ಕೇಳಿದರು. ನೆರವು ಬರಲಿಲ್ಲ. ದಕ್ಷಿಣದ ತುತ್ತತುದಿ ಎಂದು ಬರೆದ ಕಾಂಕ್ರೀಟ್ ಗುರುತಿನ ಮುಂದೆ ಫೋಟೊಕ್ಕೆ ಸಾಲು ನಿಲ್ಲುತ್ತದೆ. ಊರಿನ ನಿಜವಾದ ತುತ್ತತುದಿ ಪಕ್ಕದ ನೌಕಾಪಡೆಯ ಬೇಲಿಯೊಳಗಿದೆ.

ಪೂರ್ವಪಕ್ಷ

ರೇವಿನ ದಿನ ಏನು ಮಾಡಬೇಕೆಂಬುದರಲ್ಲಿ ಎರಡು ಪಂಥಗಳಿವೆ: ಇಳಿವಾದ ಮತ್ತು ಉಳಿವಾದ. ದುಡ್ಡು ಕೊಟ್ಟು ಬಂದ ಮೇಲೆ ನೆಲ ಮುಟ್ಟಲೇಬೇಕು ಎಂಬುದು ಇಳಿವಾದ. ಎಲ್ಲರೂ ಇಳಿದಾಗ ಈಜುಕೊಳ ಖಾಲಿ, ಕುರ್ಚಿ ಖಾಲಿ, ಊಟದ ಸಾಲು ಖಾಲಿ. ಆದ್ದರಿಂದ ಹಡಗನ್ನು ಸವಿಯಲು ರೇವಿನ ದಿನವೇ ಶ್ರೇಷ್ಠ ಎಂಬುದು ಉಳಿವಾದ. ಅಮೆರಿಕದಲ್ಲಿರುವ ಮಕ್ಕಳು ಕರೆದೊಯ್ದ ಕನ್ನಡದ ಅಪ್ಪ–ಅಮ್ಮಂದಿರಲ್ಲಿ ಅಪ್ಪ ಉಳಿವಾದಿ, ಅಮ್ಮ ಇಳಿವಾದಿ. ಬೀಗರಿಗೆ ತೋರಿಸಲು ಫೋಟೊ ಬೇಕೆಂಬುದು ಅಮ್ಮನ ಪ್ರಮಾಣ. ಎರಡೂ ಪಂಥದವರು ಮನೆಗೆ ಒಯ್ಯುವ ಶಾಸನ ಮಾತ್ರ ಒಂದೇ, ಫ್ರಿಜ್ಜಿಗೆ ಅಂಟಿಸುವ ಆಯಸ್ಕಾಂತದ ಬಿಲ್ಲೆ.

ಸಿದ್ಧಾಂತ ಮತ್ತು ಫಲ

ಈ ರೇವುಗಳಿಗೆ ಯುರೋಪಿನಿಂದ ಬಂದ ಮೊದಲ ಪ್ರವಾಸಿ ಕೊಲಂಬಸ್. 1492ರ ಅಕ್ಟೋಬರ್ 12ರಂದು ಬಹಾಮಾಸ್‌ನ ಒಂದು ದ್ವೀಪದಲ್ಲಿ ಇಳಿದ ಅವನು ತಾನು ಇಂಡೀಸಿಗೆ ಬಂದೆನೆಂದೇ ತಿಳಿದ. ಎಲ್ಲಿ ಇಳಿದೆವೆಂದು ತಿಳಿಯದೆ ಇಳಿಯುವ ಪರಂಪರೆ ಅಲ್ಲಿಂದ ಅವಿಚ್ಛಿನ್ನವಾಗಿ ಬಂದಿದೆ. ಅಲ್ಲಿದ್ದ ಲುಕಾಯನ್ ಜನರು ಕೆಲವೇ ದಶಕಗಳಲ್ಲಿ ಆ ದ್ವೀಪಗಳಿಂದ ಇಲ್ಲವಾದರು. ಕಾಲವಾಚಕದ ಕ್ರೂರ ಪ್ರಯೋಗವೂ ಅಲ್ಲಿಂದಲೇ ಆರಂಭ.

ಮೇಲಿನ ಲಕ್ಷಣಕ್ಕೆ ಒಂದು ತಿದ್ದುಪಡಿ ಉಳಿದಿದೆ. ತಂಗುರೇವು ಕಾಲವಾಚಕವಾಗಿರುವುದು ಹಡಗಿನವರಿಗೆ ಮಾತ್ರ. ಸಂಜೆ ಹಡಗುಗಳು ಒಂದೊಂದಾಗಿ ಹೊರಟ ಮೇಲೆ ಬೇ ಸ್ಟ್ರೀಟ್‌ನ ಅಂಗಡಿಗಳು ಬಾಗಿಲು ಎಳೆಯುತ್ತವೆ, ಹುಲ್ಲಿನ ಬುಟ್ಟಿ ಮಾರುವ ಹೆಂಗಸರು ಗಂಟು ಕಟ್ಟಿ ಮನೆಗೆ ಹೊರಡುತ್ತಾರೆ. ಆಗ ನಸ್ಸೌ ದೇಶವಾಚಕವಾಗುತ್ತದೆ. ಅದನ್ನು ನೋಡಿದ ಕಿರುಯಾನದ ಪ್ರವಾಸಿ ಒಬ್ಬನೇ: ಹಡಗು ತಪ್ಪಿದವನು.